ಕಳೆಯ ಎಲೆಗಳನ್ನೆಣಿಸುವವರು

ವಿಶ್ವವಿದ್ಯಾನಿಲಯದ ಸಸ್ಯಗೃಹವೊಂದರಲ್ಲಿ ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡುತ್ತಿರುವ ತರುಣಿಯೊಬ್ಬಳು ಗೇಣುದ್ದದ ಗಿಡಗಳ ನೂರಾರು ಕುಂಡಗಳ ಮುಂದೆ ಕುಳಿತು, ಹೂವಿನ ದಂಟು ಹೊರಡುವ ವೇಳೆಗೆ ಒಂದೊಂದು ಗಿಡದಲ್ಲಿಯೂ ಎಷ್ಟೆಷ್ಟು ಎಲೆಗಳಾಗಿವೆಯೆಂದು ಎಣಿಸಿ ಬರೆದುಕೊಳ್ಳುತ್ತಿದ್ದಾಳೆಂದು ಭಾವಿಸೋಣ. ಗಿಡವು ಸಾಸಿವೆಯ ಕುಟುಂಬಕ್ಕೆ ಸೇರಿದ ಒಂದು ಕಳೆ. ಅದರ ಸೊಪ್ಪು ಸಾರಿಗೆ ಬಾರದು, ಬೀಜ ಒಗ್ಗರಣೆಗೆ ಬಾರದು. ಹೂವಾದರೋ ಮುಡಿಯುವುದಿರಲಿ, ಕಣ್ಣಿಟ್ಟು ನೋಡದಿದ್ದರೆ ಕಾಣಿಸುವುದೂ ಇಲ್ಲ. ಊರಿನಿಂದ ಬಂದ ನೆಂಟರು, ‘ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೀಯಾ? ಇದರಿಂದ ರೈತನಿಗೆ ಏನು ಬಂತು?’ ಎಂದು ಕೇಳಿದರೆ ಅದು ಅವರ ತಪ್ಪಲ್ಲ. ಸಾರ್ವಜನಿಕರ ಹಣದಿಂದ ನಡೆಯತಕ್ಕ ಕೆಲಸದ ಮೇಲೆ ಇಂಥ ಪ್ರಶ್ನೆಯನ್ನು ಹಾಕುವ ಹಕ್ಕು ಎಲ್ಲರಿಗೂ ಉಂಟು. ಆದರೆ ಪ್ರಶ್ನೆ ಕೇಳಿದವರು ಉತ್ತರ ಬರುವವರೆಗೆ ನಿಲ್ಲಬೇಕು. ಈ ಉತ್ತರ ಬರುವುದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಅದು ಹೇಗೆ ಬಂತೆಂಬುದನ್ನು ಅರಿತರೆ, ಆ ತರುಣಿ ಬತ್ತವನ್ನೂ ರಾಗಿಯನ್ನೂ ಬಿಟ್ಟು ಕಳೆಯನ್ನು ಆರಿಸಿಕೊಂಡುದು ಸರಿಯೆಂದು ವಾಚಕರೂ ಒಪ್ಪುವರೆಂದು ನಾವು ನಂಬಿದ್ದೇವೆ.

ಮೊದಲು ಸಮಸ್ಯೆಯೇನೆಂಬುದನ್ನು ನೋಡೋಣ. ಮೈಸೂರು ಸೀಮೆಯ ಹೊಲಗಳಲ್ಲಿ ರಾಗಿಯ ನಡುವೆ ಅವರೆಯ ಸಾಲನ್ನು ಹಾಕುವುದು ಹಿಂದಿನಿಂದ ಬಂದ ಪದ್ಧತಿ. ನಾಡ ಅವರೆಯನ್ನು ಜೂನಿನಲ್ಲಿ ಬಿತ್ತಲಿ, ಆಗಸ್ಟಿನಲ್ಲಿ ಬಿತ್ತಲಿ, ಅದು ಹೂಬಿಡುವುದು ಮಾತ್ರ ಮಳೆಗಾಲ ಮುಗಿದು ಚಳಿ ಇಳಿಯುವ ಹೊತ್ತಿಗೇ. ಮೊದಲು ಬಿತ್ತಿದ ಬಳ್ಳಿ ಅಷ್ಟು ದಿನವೂ ಸೊಪ್ಪನ್ನು ಬೆಳೆಸಿಕೊಂಡು ಕಾದಿರುತ್ತದೆ. ತಡವಾಗಿ ಬಿತ್ತಿದ್ದು ಚಿಕ್ಕದಾಗಿರುವಾಗಲೇ ಹೂವನ್ನು ತಳೆಯುತ್ತದೆ. ಸೊಗಡವರೆಗೆ ಮಾಗಿಯ ಕಾಲವೇ ಕಾಲವೆಂದು ನಮ್ಮ ಅಡಿಗೆಮನೆಗಳು ಗೊತ್ತುಮಾಡಿಕೊಂಡಿರುವುದೂ ಇದರಿಂದಲೇ. ಹಾಗಾದರೆ ಬಳ್ಳಿಯು ನೋಡುವ ಪಂಚಾಂಗ ಯಾವುದು? ಚಳಿಯೆಂದು ಹಿಂದಿನವರು ಊಹಿಸಿದ್ದರು. ಆಹಾರವೆಂದೂ, ತೇವವೆಂದೂ, ವಯಸ್ಸೆಂದೂ ಹೇಳಿದವರುಂಟು. ಬೆಂಗಳೂರಿನಲ್ಲಿ ಅತಿ ದೀರ್ಘವಾದ ಹಗಲು ಸುಮಾರು 13 ಗಂಟೆ. ಅತಿ ಮೊಟಕಾದುದು ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ನಾವು ಗಮನಿಸುವುದೇ ಅಪರೂಪ. ಅವರೆಗೆ ಅಷ್ಟು ಸಾಕು.

ಈ ಗುಟ್ಟಿನ ತುದಿಯನ್ನು ಮೊದಲು ಹಿಡಿದವರಲ್ಲಿ ಫ್ರಾನ್ಸಿನ ಜ್ಯೂಲಿಯನ್ ಟೂರ್ನ್ವಾ ಎಂಬ ತರುಣ ಒಬ್ಬನು. ಸೆಣಬಿನ ಬಂಧುವಾದ ಹಾಪ್ ಬಳ್ಳಿಯಲ್ಲಿ ಗಂಡು ಹೆಣ್ಣುಗಳ ಭೇದವನ್ನು ಅಭ್ಯಾಸ ಮಾಡಲು ಹೊರಟ ಅವನಿಗೆ, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಮೊಳೆತ ಸಸಿಗಳು ಎಳೆಯ ವಯಸ್ಸಿನಲ್ಲಿಯೇ ಹೂತುದು ಕಾಣಿಸಿತು. ಬೇರೊಬ್ಬನಾಗಿದ್ದರೆ ಬೇಡದ ತೊಡಕೆಂದು ಬದಿಗೆ ಸರಿಸುತ್ತಿದ್ದನು. ಟೂರ್ನ್ವಾ ಅದನ್ನೇ ಹಿಡಿದು ಪರೀಕ್ಷಿಸಿ, ಕಾರಣವು ಹಗಲಿನ ಮೊಟಕುತನ, ಅದಕ್ಕಿಂತಲೂ ಮಿಗಿಲಾಗಿ ರಾತ್ರಿಯ ದೀರ್ಘತೆ ಎಂದು 1914ರಲ್ಲಿ ಬರೆದನು. ಮೊದಲನೆಯ ಮಹಾಯುದ್ಧ ಅವನನ್ನು ಬಲಿ ತೆಗೆದುಕೊಂಡಿತು. ಪ್ರಯೋಗವನ್ನು ಮುಂದುವರಿಸಲು ಅವನು ಉಳಿಯಲಿಲ್ಲ.

ಕೀರ್ತಿ ಬಂದುದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರಿಗೆ. ಅವರ ಮುಂದಿದ್ದುದು ಮೇರಿಲೆಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿ. ಬೇಸಿಗೆಯುದ್ದಕ್ಕೂ ಎತ್ತರಕ್ಕೆ ಬೆಳೆಯುತ್ತ ಎಲೆಯ ಮೇಲೆ ಎಲೆ ಬಿಡುತ್ತಿತ್ತೇ ಹೊರತು ಬೀಜಕ್ಕೆ ಬೇಕಾದ ಹೂವನ್ನು ಕೊಡುತ್ತಿರಲಿಲ್ಲ. 1918ರ ಬೇಸಿಗೆಯಲ್ಲಿ ಅವರು ಹೊಲದಲ್ಲಿ ಒಂದು ಕತ್ತಲೆಯ ಗೂಡನ್ನು ಕಟ್ಟಿ, ಕುಂಡಗಳನ್ನು ಸಂಜೆ 4 ಗಂಟೆಗೆ ಒಳಗಿಟ್ಟು ಮರುದಿನ ಬೆಳಗ್ಗೆ 9 ಗಂಟೆಗೆ ಹೊರಗೆ ತಂದರು. ಹೀಗೆ ಹಗಲನ್ನು ಕೃತಕವಾಗಿ ಮೊಟಕುಮಾಡಿದೊಡನೆ ಹೊಗೆಸೊಪ್ಪು ಹೂಬಿಟ್ಟಿತು. 1920ರಲ್ಲಿ ಅವರು ತಮ್ಮ ಫಲಿತಾಂಶವನ್ನು ಪ್ರಕಟಿಸಿ, ಹಗಲಿನ ಅಳತೆಗೆ ಸಸ್ಯವು ಓಗೊಡುವ ಈ ಗುಣಕ್ಕೆ ಫೋಟೋಪೀರಿಯಾಡಿಸಂ ಎಂಬ ಹೆಸರನ್ನು ಕೊಟ್ಟರು. ಉಪಕರಣವೆಂದರೆ ಒಂದು ಗೂಡು, ಒಂದು ಗಡಿಯಾರ, ಮತ್ತು ದಿನಕ್ಕೆರಡು ಬಾರಿ ಕುಂಡ ಹೊರುವ ತಾಳ್ಮೆ. ಬಡತನದ ನೆವವನ್ನು ಹೇಳುವ ಪ್ರಯೋಗಶಾಲೆಗಳವರು ಇದನ್ನು ಆಗಾಗ ನೆನೆಯುವುದು ಒಳ್ಳೆಯದು.

ಸಸ್ಯವು ನಿಜವಾಗಿ ಅಳೆಯುವುದು ರಾತ್ರಿಯನ್ನು ಎಂಬ ಟೂರ್ನ್ವಾನ ಊಹೆಯನ್ನು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಸಮರ್ಥಿಸಿದರು. ಅವರು ಆರಿಸಿಕೊಂಡುದೂ ಒಂದು ಕಳೆಯೇ: ನಮ್ಮ ರಸ್ತೆಗಳ ಬದಿಯಲ್ಲಿ ಬೆಳೆದು ಬಟ್ಟೆಗೆ ಮುಳ್ಳುಕಾಯಿಗಳನ್ನು ಅಂಟಿಸುವ ಮರುಳುಮ್ಮತ್ತಿಯ ಜಾತಿ. ಅದಕ್ಕೆ ಒಂದೇ ಒಂದು ದೀರ್ಘರಾತ್ರಿಯನ್ನು ಕೊಟ್ಟರೆ ಹೂಬಿಡುವ ನಿಶ್ಚಯವಾಗಿಬಿಡುತ್ತದೆ. ಆ ರಾತ್ರಿಯ ನಡುವೆ ಒಂದು ನಿಮಿಷ ದೀಪ ಹಚ್ಚಿದರೆ ನಿಶ್ಚಯ ಮುರಿಯುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆಯ ಹೊಲಗಳ ಮೇಲೆ ವಿದ್ಯುದ್ದೀಪಗಳ ಸಾಲು ಉರಿಯುತ್ತಿರುವುದನ್ನು ಕಂಡಿರಬಹುದು. ಜಾತ್ರೆಯಿದೆಯೇನೋ ಎಂದು ಕೆಲವರಿಗೆ ತೋರುತ್ತದೆ. ರಾತ್ರಿಯನ್ನು ಮುರಿದು, ಗಿಡ ಅವಸರದಿಂದ ಹೂಬಿಡದಂತೆ ತಡೆದು, ಪೇಟೆಗೆ ಬೇಕಾದ ವೇಳೆಗೆ ಹೂವನ್ನು ಬರಿಸಿಕೊಳ್ಳುವ ಉಪಾಯವದು.

ಸೇವಂತಿಗೆಯಿಂದಲೇ ಕಥೆಯ ಮುಂದಿನ ಘಟ್ಟ. ರಾತ್ರಿಯನ್ನು ಅಳೆಯುವುದು ಎಲೆ; ಹೂವು ಹುಟ್ಟುವುದು ಕಾಂಡದ ತುದಿಯ ಕುಡಿಯಲ್ಲಿ. ಇವೆರಡರ ನಡುವೆ ಸುದ್ದಿಯನ್ನು ಒಯ್ಯುವವರಾರು? ಸೋವಿಯೆತ್ ದೇಶದ ಮಿಖಾಯಿಲ್ ಚೈಲಾಖ್ಯಾನ್ ಎಂಬ ವಿಜ್ಞಾನಿ 1930ರ ದಶಕದ ನಡುವಿನಲ್ಲಿ ಸೇವಂತಿಗೆಯ ಗಿಡದ ಮೇಲ್ಭಾಗದ ಎಲೆಗಳನ್ನು ತೆಗೆದು, ಕೆಳಗಿನ ಎಲೆಗಳಿಗೆ ಮೊಟಕು ಹಗಲನ್ನೂ ಬೋಳಾದ ಕುಡಿಗೆ ದೀರ್ಘವಾದ ಹಗಲನ್ನೂ ಕೊಟ್ಟರು. ಕುಡಿ ಹೂಬಿಟ್ಟಿತು. ಅದಲು ಬದಲು ಮಾಡಿದಾಗ ಬಿಡಲಿಲ್ಲ. ಎಲೆಯಲ್ಲಿ ಹುಟ್ಟಿ ಕುಡಿಗೆ ಹರಿಯುವ ಯಾವುದೋ ಒಂದು ದ್ರವ್ಯವಿರಲೇಬೇಕೆಂದು ತೀರ್ಮಾನಿಸಿ ಅದನ್ನು ಅವರು ಫ್ಲೋರಿಜೆನ್ ಎಂದು ಕರೆದರು. ಹೂವನ್ನು ಹುಟ್ಟಿಸುವುದೆಂದು ಅದರ ಅರ್ಥ. ಆ ಕಾಲದ ರಷ್ಯದಲ್ಲಿ ಪ್ರಬಲನಾಗಿದ್ದ ಲೈಸೆಂಕೊ ಎಂಬುವನ ಅನುಯಾಯಿಗಳ ವಿರೋಧವನ್ನು ಅವರು ಎದುರಿಸಬೇಕಾಯಿತು. ಸಿದ್ಧಾಂತವನ್ನು ಮಾತ್ರ ಬಿಡಲಿಲ್ಲ.

ಹೆಸರಿಟ್ಟುದಾಯಿತು, ಮಗು ಸಿಕ್ಕಲಿಲ್ಲ. ಮುಂದಿನ ಹಲವು ದಶಕಗಳಲ್ಲಿ ರಸಾಯನಶಾಸ್ತ್ರಜ್ಞರು ಹೂಬಿಡುವ ಗಿಡಗಳ ಎಲೆಗಳನ್ನು ಅರೆದು ಸೋಸಿ ರಸವನ್ನು ಹಿಂಡಿ ಹೂಬಿಡದ ಗಿಡಗಳಿಗೆ ಹಚ್ಚಿನೋಡಿದರು. ನಂಬತಕ್ಕ ಫಲ ದೊರೆಯಲಿಲ್ಲ. ಫ್ಲೋರಿಜೆನ್ ಎಂಬುದು ಬರಿಯ ಕಲ್ಪನೆಯೆಂದು ಹೇಳುವವರೂ ಹೆಚ್ಚಿದರು. ಏನನ್ನು ಹುಡುಕಬೇಕೆಂಬುದೇ ತಿಳಿಯದೆ ಹುಡುಕಿದರೆ ಹೀಗಾಗುವುದು ಸಹಜ. ಬೇರೊಂದು ದಾರಿ ಬೇಕಾಗಿತ್ತು. ಮದುವೆಯ ಮನೆಯಲ್ಲಿ ಐವತ್ತು ಜನ ಅಡಿಗೆಯವರಿದ್ದಾರೆ, ಯಾರ ಕೆಲಸ ಯಾವುದೆಂದು ಹೊರಗಿನವರಿಗೆ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ದಿನಕ್ಕೊಬ್ಬರನ್ನು ಬರಬೇಡವೆಂದು ಕಳುಹಿಸಿ ಅಂದಿನ ಊಟದಲ್ಲಿ ಏನು ಕೆಟ್ಟಿತೆಂದು ನೋಡುತ್ತ ಹೋದರೆ, ಒಬ್ಬೊಬ್ಬರ ಪಾಲಿನ ಕೆಲಸವೂ ಬೆಳಕಿಗೆ ಬರುತ್ತದೆ. ತಳಿವಿಜ್ಞಾನಿ ಮಾಡುವುದೂ ಇದನ್ನೇ. ಅವನು ಒಂದೊಂದು ಗಿಡದಲ್ಲಿ ಒಂದೊಂದು ಜೀನನ್ನು ಕೆಡಿಸಿ, ಹೂಬಿಡುವುದು ಎಲ್ಲಿ ತಡವಾಯಿತೆಂದು ನೋಡುತ್ತಾನೆ.

ಇದಕ್ಕೆ ತಕ್ಕ ಸಸ್ಯ ಯಾವುದು? ಇಲ್ಲಿಯೇ ನಮ್ಮ ಕಳೆ ರಂಗಕ್ಕೆ ಬರುತ್ತದೆ. ಅದರ ಹೆಸರು ಅರಬಿಡಾಪ್ಸಿಸ್ ಥಾಲಿಯಾನ. ಫ್ರೀಡ್ರಿಕ್ ಲೈಬಾಕ್ ಎಂಬ ಜರ್ಮನ್ ವಿದ್ಯಾರ್ಥಿ ಬಾನ್ ನಗರದಲ್ಲಿ ಸ್ಟ್ರಾಸ್‌ಬರ್ಗರ್ ಎಂಬ ಪ್ರಸಿದ್ಧ ಪ್ರಾಧ್ಯಾಪಕರ ಕೈಕೆಳಗೆ ಡಾಕ್ಟರೇಟಿಗಾಗಿ ಕೆಲಸ ಮಾಡಿ, ಅದರ ಕೋಶಗಳಲ್ಲಿ ಕೇವಲ ಐದು ಜೊತೆ ವರ್ಣತಂತುಗಳಿವೆಯೆಂದು 1907ರಲ್ಲಿ ಪ್ರಕಟಿಸಿದರು. ವರ್ಣತಂತುಗಳು ತೀರ ಚಿಕ್ಕವಾದುದರಿಂದ ಆ ಅಧ್ಯಯನಕ್ಕೆ ಗಿಡ ಒಗ್ಗಲಿಲ್ಲ. ಅವರು ಅದನ್ನು ಕೈಬಿಟ್ಟರು. ಮೂವತ್ತು ವರ್ಷಗಳಾದ ಮೇಲೆ ಮತ್ತೆ ಅದೇ ಗಿಡಕ್ಕೆ ಮರಳಿ, ತಳಿವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಸಸ್ಯವಿಲ್ಲವೆಂದು 1943ರಲ್ಲಿ ವಾದಿಸಿದರು. ಅವರ ವಿದ್ಯಾರ್ಥಿನಿ ಎರ್ನಾ ರೈನ್‌ಹೋಲ್ಸ್ ಎಕ್ಸ್‌ಕಿರಣಗಳಿಂದ ಈ ಸಸ್ಯದಲ್ಲಿ ಉತ್ಪರಿವರ್ತನೆಗಳನ್ನು ಉಂಟುಮಾಡಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಬರೆದಳು. ಯುದ್ಧದ ಕೊನೆಯ ದಿನಗಳು. ಅದು ಅಚ್ಚಾದುದು 1947ರಲ್ಲಿ. ಪ್ರಪಂಚಕ್ಕೆ ಆಗ ಬೇರೆ ಚಿಂತೆಗಳಿದ್ದವು.

ಕಳೆಯ ಮೇಲ್ಮೆಯೇನೆಂದು ಕೇಳಿದರೆ ನಾವು ಒಂದೇ ಮಾತಿನಲ್ಲಿ ಹೇಳುವೆವು: ಕಾಲ. ಬೀಜದಿಂದ ಬೀಜಕ್ಕೆ ಅದಕ್ಕೆ ಸುಮಾರು ಆರು ವಾರ ಸಾಕು. ನಾಡ ಅವರೆಯನ್ನು ಬಯಲಿನಲ್ಲಿ ಬೆಳೆದರೆ ವರ್ಷಕ್ಕೆ ಒಂದೇ ಪೀಳಿಗೆ. ಸಂಶೋಧನ ವಿದ್ಯಾರ್ಥಿಗೆ ವೇತನ ದೊರೆಯುವುದು ಐದು ವರ್ಷ. ಒಂದು ಉತ್ಪರಿವರ್ತನೆಯನ್ನು ಗುರುತಿಸಬೇಕು, ಅದು ಮಕ್ಕಳಿಗೆ ಇಳಿಯುವುದೇ ಎಂದು ನೋಡಬೇಕು, ಮೂಲತಳಿಯೊಡನೆ ಸಂಕರಮಾಡಬೇಕು, ಮೊಮ್ಮಕ್ಕಳಲ್ಲಿ ಮೆಂಡೆಲನ ಲೆಕ್ಕ ಕೂಡುವುದೇ ಎಂದು ಪರೀಕ್ಷಿಸಬೇಕು, ಬೇರೆ ಉತ್ಪರಿವರ್ತನೆಗಳೊಡನೆ ಮತ್ತೆ ಸಂಕರಮಾಡಬೇಕು. ಅವರೆಯಲ್ಲಿ ಇಷ್ಟನ್ನು ಮಾಡುವಷ್ಟರಲ್ಲಿ ವಿದ್ಯಾರ್ಥಿವೇತನ ಮುಗಿದಿರುತ್ತದೆ, ಒಂದೆರಡು ವರ್ಷ ಮಳೆಯೂ ಕೈಕೊಟ್ಟಿರುತ್ತದೆ. ಕಳೆಯಲ್ಲಿ ಇದು ಒಂದು ವರ್ಷದ ಕೆಲಸ. ಜೊತೆಗೆ ಅದು ಅಂಗೈಯಗಲದ ಜಾಗದಲ್ಲಿ ಬೆಳೆಯುತ್ತದೆ, ಒಂದೊಂದು ಗಿಡ ಸಾವಿರಾರು ಬೀಜಗಳನ್ನು ಕೊಡುತ್ತದೆ, ತನ್ನ ಪರಾಗದಿಂದ ತಾನೇ ಕಾಯಿಕಟ್ಟುತ್ತದೆ.

1957ರಲ್ಲಿ ಹಂಗೇರಿಯಿಂದ ಅಮೆರಿಕಕ್ಕೆ ಹೋಗಿ ಮಿಸೌರಿಯಲ್ಲಿ ನೆಲಸಿದ ಜಾರ್ಜ್ ರೇಡೈ ಲೈಬಾಕರ ಬೀಜಗಳನ್ನು ತರಿಸಿಕೊಂಡು, ತಡವಾಗಿ ಹೂಬಿಡುವ ಕೆಲವು ಉತ್ಪರಿವರ್ತಿತ ಸಸ್ಯಗಳನ್ನು 1962ರಲ್ಲಿ ವರ್ಣಿಸಿದರು. ಅವುಗಳಲ್ಲೊಂದಕ್ಕೆ ಕಾನ್‌ಸ್ಟಾನ್ಸ್ ಎಂದು ಹೆಸರು. ಹಗಲು ಉದ್ದವಾದರೂ ಗಿಡ್ಡವಾದರೂ ಹೂಬಿಡುವ ಕಾಲ ಹೆಚ್ಚು ಬದಲಾಗದೆ ಸ್ಥಿರವಾಗಿರುತ್ತಿದ್ದುದರಿಂದ ಆ ಹೆಸರು. ಆ ಬಳಿಕ ಹಾಲೆಂಡಿನ ವಾಗೆನಿಂಗೆನ್ ಎಂಬ ಕೃಷಿ ವಿಶ್ವವಿದ್ಯಾನಿಲಯದ ಮಾರ್ಟೆನ್ ಕೂರ್ನೀಫ್ ಈ ಕೆಲಸವನ್ನು ಕೈಗೆತ್ತಿಕೊಂಡರು. 1982ರಲ್ಲಿ ಸಲ್ಲಿಸಿದ ಅವರ ಡಾಕ್ಟರೇಟ್ ಪ್ರಬಂಧ ಇದೇ ಸಸ್ಯದ ಹಾರ್ಮೋನುಗಳನ್ನೂ ಬೆಳಕನ್ನು ಗ್ರಹಿಸುವ ದ್ರವ್ಯಗಳನ್ನೂ ಕುರಿತದ್ದು. ಮರುವರ್ಷವೇ ಅವರೂ ಜೊತೆಗಾರರೂ ಐದು ವರ್ಣತಂತುಗಳ ಮೇಲೆ 76 ಜೀನುಗಳ ಸ್ಥಾನಗಳನ್ನು ಗುರುತಿಸಿದ ನಕ್ಷೆಯನ್ನು ಕೊಟ್ಟರು. ಕೃಷಿಯನ್ನು ಕಲಿಸುವ ಸಂಸ್ಥೆಯೊಂದು ಯಾವ ರೈತನೂ ಬೆಳೆಯದ ಗಿಡಕ್ಕೆ ಎಡೆಗೊಟ್ಟಿತೆಂಬುದನ್ನು ನಮ್ಮ ಕೃಷಿ ಸಂಸ್ಥೆಗಳವರು ಗಮನಿಸಬೇಕು.

ಎಲೆಗಳನ್ನೆಣಿಸುವ ಕೆಲಸಕ್ಕೆ ಈಗ ಬರೋಣ. ಬೀಜಗಳನ್ನು ಉತ್ಪರಿವರ್ತನೆ ಉಂಟುಮಾಡುವ ರಾಸಾಯನಿಕದಲ್ಲಿ ನೆನೆಸುತ್ತಾರೆ, ಇಲ್ಲವೆ ವಿಕಿರಣಕ್ಕೆ ಒಡ್ಡುತ್ತಾರೆ. ಅವುಗಳ ಮುಂದಿನ ಪೀಳಿಗೆಯ ಸಾವಿರಾರು ಸಸಿಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ದೀರ್ಘವಾದ ಹಗಲಿನಲ್ಲಿ ಮಾಮೂಲು ಗಿಡ ಕೆಲವೇ ಎಲೆಗಳನ್ನು ಬಿಟ್ಟು ಹೂವಿಗೆ ತೊಡಗುತ್ತದೆ. ಎಲ್ಲ ಗಿಡಗಳೂ ಹೂತು ಕಾಯಿಕಟ್ಟಿ ಒಣಗುವಾಗ, ಎಲ್ಲಿಯೋ ಒಂದು ಮೂಲೆಯಲ್ಲಿ ಒಂದು ಸಸಿ ಹಸುರಾಗಿ ಉಳಿದು ಇನ್ನೂ ಎಲೆ ಬಿಡುತ್ತಿರುತ್ತದೆ. ಅದೇ ಬೇಕಾದುದು. ದಿನಗಳ ಲೆಕ್ಕವೊಂದರಿಂದಲೇ ತಡವನ್ನು ನಿರ್ಣಯಿಸಿದರೆ ಮೋಸಹೋಗಬಹುದು. ನೀರೋ ಶಾಖವೋ ಕಡಮೆಯಾಗಿ ಗಿಡದ ಬೆಳವಣಿಗೆಯೇ ನಿಧಾನವಾಗಿರಬಹುದು. ಎಲೆಗಳ ಸಂಖ್ಯೆ ಹಾಗಲ್ಲ. ಕುಡಿಯು ಎಲೆಯನ್ನು ಬಿಡುವುದನ್ನು ನಿಲ್ಲಿಸಿ ಹೂವನ್ನು ಹುಟ್ಟಿಸಲು ಎಂದು ನಿಶ್ಚಯಿಸಿತೆಂಬುದನ್ನು ಅದು ಸುಳ್ಳಿಲ್ಲದೆ ಹೇಳುತ್ತದೆ. ನೆಂಟರಿಗೆ ಹಾಸ್ಯಾಸ್ಪದವಾಗಿ ಕಂಡ ಎಣಿಕೆಯ ತಿರುಳು ಇಷ್ಟು.

ಕೂರ್ನೀಫರೂ ಇಬ್ಬರು ಜೊತೆಗಾರರೂ 1991ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೀಗೆ ಆಯ್ದ 42 ಉತ್ಪರಿವರ್ತಿತ ಸಸ್ಯಗಳಿದ್ದವು. ಒಂದನ್ನೊಂದರೊಡನೆ ಸಂಕರಮಾಡಿ ನೋಡಲಾಗಿ, 42ರಲ್ಲಿಯೂ ಕೆಟ್ಟಿದ್ದುದು ಒಟ್ಟು 11 ಜೀನುಗಳೆಂದು ಗೊತ್ತಾಯಿತು. ಅವುಗಳಿಗೆ ಸಿಒ, ಎಫ್‌ಟಿ, ಎಫ್‌ಡಿ, ಜಿಐ ಎಂಬಂಥ ಒಣ ಹೆಸರುಗಳು. ಒಂದು ಕೋಷ್ಟಕ, ಕೆಲವು ಅಂಕಿಗಳು. ಮರುದಿನದ ವೃತ್ತಪತ್ರಿಕೆಗೆ ಅದು ಸುದ್ದಿಯಾಗತಕ್ಕದ್ದಲ್ಲ. ಆದರೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಹುಡುಕುತ್ತಿದ್ದ ಫ್ಲೋರಿಜೆನ್ನಿನ ವಿಳಾಸ ಆ ಹನ್ನೊಂದರ ಪಟ್ಟಿಯಲ್ಲಿಯೇ ಇದ್ದಿತು. ಬರೆದವರಿಗೂ ಅಂದು ಅದು ತಿಳಿದಿರಲಿಲ್ಲ.

1995ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜಾರ್ಜ್ ಕೂಪ್ಲಂಡರ ತಂಡ ಕಾನ್‌ಸ್ಟಾನ್ಸ್ ಜೀನನ್ನು ಪ್ರತ್ಯೇಕಿಸಿತು. ಹಗಲನ್ನು ಅಳೆಯುವ ಯುಕ್ತಿ ಅನಂತರದ ಹತ್ತು ವರ್ಷಗಳಲ್ಲಿ ಬಿಡಿಸಿಕೊಂಡಿತು. ಆ ಯುಕ್ತಿ ಬಹು ಸೊಗಸಾದುದು. ಗಿಡದೊಳಗೆ ದಿನಕ್ಕೊಂದು ಸುತ್ತು ತಿರುಗುವ ಗಡಿಯಾರವೊಂದುಂಟು. ಕಾನ್‌ಸ್ಟಾನ್ಸ್ ಜೀನಿನ ಸಂದೇಶ ಹೆಚ್ಚಾಗಿ ಹೊರಡುವುದು ಗಡಿಯಾರ ಸಂಜೆಯೆಂದು ತೋರಿಸುವಾಗ. ಆ ಸಂದೇಶದಿಂದ ಆಗುವ ಪ್ರೋಟೀನಿಗೆ ಕತ್ತಲೆಯಲ್ಲಿ ಬಾಳಿಕೆಯಿಲ್ಲ, ಆದಂತೆಲ್ಲ ಒಡೆದುಹೋಗುತ್ತದೆ. ಬೆಳಕಿದ್ದರೆ ಉಳಿಯುತ್ತದೆ. ಹಗಲು ಗಿಡ್ಡವಾಗಿದ್ದಾಗ ಸಂದೇಶ ಹೊರಡುವ ವೇಳೆಗೆ ಕತ್ತಲಾಗಿರುವುದರಿಂದ ಪ್ರೋಟೀನು ನಿಲ್ಲುವುದಿಲ್ಲ. ಹಗಲು ಉದ್ದವಾದಾಗ ಸಂಜೆಯ ಬೆಳಕಿನಲ್ಲಿ ಅದು ಉಳಿದುಕೊಂಡು ಮುಂದಿನ ಜೀನನ್ನು ಎಬ್ಬಿಸುತ್ತದೆ. ಒಳಗಿನ ಗಡಿಯಾರವೂ ಹೊರಗಿನ ಬೆಳಕೂ ಒಂದೇ ಗಳಿಗೆಯಲ್ಲಿ ಸಂಧಿಸಿದರೆ ಮಾತ್ರ ಬಾಗಿಲು ತೆರೆಯುವ ಬೀಗವಿದು. ಪ್ರೋಟೀನನ್ನು ಕಾಪಾಡುವ ನೀಲಿ ಬೆಳಕಿನ ಗ್ರಾಹಕವೊಂದು ಆ ಹನ್ನೊಂದರ ಪಟ್ಟಿಯಲ್ಲಿದ್ದ ಇನ್ನೊಂದು ಜೀನಿನದೆಂದು 1998ರಲ್ಲಿ ಗೊತ್ತಾಯಿತು.

ಕಾನ್‌ಸ್ಟಾನ್ಸ್ ಎಬ್ಬಿಸುವ ಜೀನೇ ಎಫ್‌ಟಿ. ಅದನ್ನು 1999ರಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಎರಡು ತಂಡಗಳು ಏಕಕಾಲಕ್ಕೆ ಪ್ರತ್ಯೇಕಿಸಿದವು. ಅದು ಕೆಲಸಮಾಡುವುದು ಎಲೆಯ ನರಗಳಲ್ಲಿ. ಅದರ ಫಲ ಕಾಣುವುದು ಕುಡಿಯಲ್ಲಿ. ಹಾಗಾದರೆ ಪ್ರಯಾಣ ಮಾಡುವುದು ಏನು? 2005ರಲ್ಲಿ ಸ್ವೀಡನ್ನಿನ ಸಂಶೋಧನಾಲಯವೊಂದು, ಎಫ್‌ಟಿಯ ಆರ್‌ಎನ್‌ಎ ಸಂದೇಶವೇ ಕುಡಿಗೆ ಸಾಗುತ್ತದೆಂದು ಪ್ರಕಟಿಸಿತು. ಆ ವರ್ಷದ ದೊಡ್ಡ ಶೋಧಗಳ ಸಾಲಿನಲ್ಲಿ ಅದನ್ನೂ ಎಣಿಸಿದರು. ಆದರೆ ಲೆಕ್ಕಕ್ಕೆ ಸೇರಬೇಕಾಗಿದ್ದ ಅಂಕಿಗಳಲ್ಲಿ ಕೆಲವನ್ನು ಬಿಟ್ಟಿದ್ದುದು ಆಮೇಲೆ ಕಂಡುಬಂದು, 2007ರಲ್ಲಿ ಸಹಲೇಖಕರು ಪ್ರಬಂಧವನ್ನು ಹಿಂದಕ್ಕೆ ಪಡೆದರು. ಅದೇ ವರ್ಷ, ಜರ್ಮನಿಯ ಕಲೋನ್ ನಗರಕ್ಕೆ ಹೋಗಿ ನೆಲಸಿದ್ದ ಕೂಪ್ಲಂಡರ ತಂಡ ಎಫ್‌ಟಿ ಪ್ರೋಟೀನಿಗೆ ಹಸುರಾಗಿ ಹೊಳೆಯುವ ಬಾಲವನ್ನು ಕಟ್ಟಿ, ಅದು ಎಲೆಯಿಂದ ಹೊರಟು ಕುಡಿಯನ್ನು ಸೇರುವುದನ್ನು ತೋರಿಸಿತು. ಕುಡಿಯಲ್ಲಿ ಅದು ಕೈಹಿಡಿಯುವ ಪ್ರೋಟೀನು ಎಫ್‌ಡಿ, ಅದೂ ಹನ್ನೊಂದರಲ್ಲೊಂದು. ಹೆಸರಿಟ್ಟು ಎಪ್ಪತ್ತು ವರ್ಷಗಳಾದ ಮೇಲೆ ಫ್ಲೋರಿಜೆನ್ ಕಣ್ಣಿಗೆ ಬಿತ್ತು. ಚೈಲಾಖ್ಯಾನ್ 1991ರಲ್ಲಿಯೇ ತೀರಿಕೊಂಡಿದ್ದರು.

2005ರ ಪ್ರಸಂಗವನ್ನು ಮುಚ್ಚಿಡುವುದು ನಮಗೆ ಹಿತವಾಗಿ ಕಾಣುವುದಿಲ್ಲ. ಬಿಟ್ಟುಹೋದ ಅಂಕಿಗಳನ್ನು ಹುಡುಕಿ ತೆಗೆಯಲು ಸಾಧ್ಯವಾದುದು, ಮೂಲ ಅಂಕಿಗಳು ಉಳಿದಿದ್ದರಿಂದ.

ರೈತನ ಪಾಲನ್ನು ಕೇಳಿದ ನೆಂಟರಿಗೆ ಈಗ ಉತ್ತರ ಹೇಳಬಹುದು. ಬತ್ತ ಹೂಬಿಡುವುದು ಹಗಲು ಗಿಡ್ಡವಾದಾಗ. ಅಂದರೆ ಕಳೆಗೆ ತದ್ವಿರುದ್ಧ. ಕಳೆಯಲ್ಲಿ ಕಲಿತುದು ಬತ್ತಕ್ಕೆ ಸಲ್ಲದೆಂದೇ ಯಾರಾದರೂ ಭಾವಿಸುತ್ತಿದ್ದರು. ಜಪಾನಿನ ಯಾನೊ ಮತ್ತವರ ಜೊತೆಗಾರರು ನಿಪ್ಪೊನ್‌ಬಾರೆ ಎಂಬ ಜಪಾನೀ ಬತ್ತವನ್ನು ಭಾರತ ಮೂಲದ ಕಸಲಾತ್ ತಳಿಯೊಡನೆ ಸಂಕರಮಾಡಿ, ತೆನೆಯೊಡೆಯುವ ಕಾಲವನ್ನು ಆಳುವ ಜೀನುಗಳನ್ನು ಬೇರ್ಪಡಿಸಿದರು. 2000ದಲ್ಲಿ ಅವರಿಗೆ ಸಿಕ್ಕಿದ ಮೊದಲನೆಯ ಜೀನು ಬೇರೆ ಯಾವುದೂ ಅಲ್ಲ, ಕಾನ್‌ಸ್ಟಾನ್ಸಿನ ಒಡಹುಟ್ಟು! ಎಫ್‌ಟಿಯ ಒಡಹುಟ್ಟೂ ಬತ್ತದಲ್ಲಿ ದೊರೆಯಿತು. ಅದರ ಪ್ರೋಟೀನು ಎಲೆಯಿಂದ ಕುಡಿಗೆ ಸಾಗುವುದನ್ನು ನಾರಾದ ತಂಡ 2007ರಲ್ಲಿ ಕಲೋನಿನವರ ಜೊತೆಜೊತೆಗೇ ತೋರಿಸಿತು. ಯಂತ್ರ ಒಂದೇ, ತಿರುವಿದ ದಿಕ್ಕು ಬೇರೆ: ದೀರ್ಘವಾದ ಹಗಲಿನಲ್ಲಿ ಕಳೆಯ ಕಾನ್‌ಸ್ಟಾನ್ಸ್ ಹೂವನ್ನು ಕರೆಯುತ್ತದೆ, ಬತ್ತದ್ದು ತಡೆಯುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಉಷಾ ವಿಜಯರಾಘವನ್ ಅವರ ತಂಡ ಬತ್ತದ ಆರ್‌ಎಫ್‌ಎಲ್ ಎಂಬ ಜೀನು ತೆನೆಯ ಕಾಲವನ್ನೂ ಪೈರಿನ ಆಕಾರವನ್ನೂ ನಿಯಮಿಸುವುದೆಂದು 2008ರಲ್ಲಿ ಪ್ರಕಟಿಸಿದುದನ್ನೂ ಇಲ್ಲಿ ಹೇಳಬೇಕು. ಅದರ ಒಡಹುಟ್ಟಾದ ಜೀನನ್ನೂ ಮೊದಲು ಅಭ್ಯಾಸಮಾಡಿದ ಸಸ್ಯಗಳಲ್ಲಿ ಅದೇ ಕಳೆ ಸೇರಿತ್ತು.

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಬೊರ್ಲಾಗರು ಮೆಕ್ಸಿಕೋದಲ್ಲಿ ವರ್ಷಕ್ಕೆರಡು ಬೆಳೆಯಂತೆ ಬೇರೆಬೇರೆ ಸೀಮೆಗಳಲ್ಲಿ ಗೋಧಿಯನ್ನು ಬೆಳೆದು, ಎರಡೂ ಕಡೆ ಚೆನ್ನಾಗಿ ಬಂದುದನ್ನು ಮಾತ್ರ ಉಳಿಸಿಕೊಂಡರು. ಹಗಲಿನ ಅಳತೆಯನ್ನು ಲಕ್ಷಿಸದ ಗೋಧಿ ಹೀಗೆ ಹುಟ್ಟಿತು. 1966ರಲ್ಲಿ ಅದರ 18,000 ಟನ್ ಬೀಜ ನಮ್ಮ ದೇಶಕ್ಕೆ ಬಂತು. ಅದೇ ವರ್ಷ ಫಿಲಿಪ್ಪೀನ್ಸಿನಿಂದ ಹೊರಬಿದ್ದ ಐಆರ್–8 ಬತ್ತವೂ ಹಗಲಿನ ಅಳತೆಯನ್ನು ಲಕ್ಷಿಸದಂಥದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ಎಂಬ ತಳಿಗಳಿಂದ ಇಂದು ಅವರೆ ವರ್ಷದ ಎಲ್ಲ ಕಾಲದಲ್ಲಿಯೂ ಪೇಟೆಗೆ ಬರುತ್ತಿದೆ. ಇವರಲ್ಲಿ ಯಾರೂ ಜೀನನ್ನು ಪ್ರತ್ಯೇಕಿಸುವವರೆಗೆ ಕಾಯಲಿಲ್ಲ. ಬೊರ್ಲಾಗರ ಗೋಧಿಯಲ್ಲಿ ಬದಲಾಗಿದ್ದ ಜೀನು ಯಾವುದೆಂದು ಗೊತ್ತಾದುದು 2007ರಲ್ಲಿ, ನಾಲ್ಕು ದಶಕಗಳು ಕಳೆದ ಮೇಲೆ. ಹಾಗಿರುವಾಗ ಕಳೆಯ ಹಂಗೇಕೆ?

ಆಕ್ಷೇಪಣೆಯಲ್ಲಿರುವ ಸತ್ಯವನ್ನು ನಾವು ಒಪ್ಪುತ್ತೇವೆ. ತಳಿಗಾರನ ಕಣ್ಣಿಗೆ ಸಮನಾದ ಉಪಕರಣ ಇನ್ನೂ ಹುಟ್ಟಿಲ್ಲ. ಆದರೆ ಆ ಮಹನೀಯರು ಮಾಡಿದುದು ಗಡಿಯಾರದ ಮಾತನ್ನು ಗಿಡ ಕೇಳದಂತೆ ಮಾಡಿದುದು. ಗಡಿಯಾರವನ್ನು ಬೇಕಾದ ಗಂಟೆಗೆ ತಿರುಗಿಸಿದುದಲ್ಲ. ಮಳೆಯ ಕಾಲ ಹಿಂದುಮುಂದಾಗುತ್ತಿರುವ, ತೆನೆಯೊಡೆಯುವ ವೇಳೆಗೆ ಸೆಕೆ ಹೆಚ್ಚಿ ಕಾಳು ಜಳ್ಳಾಗುವ ಈ ದಿನಗಳಲ್ಲಿ, ಹತ್ತು ದಿನ ಮುಂಚೆ ಅಥವಾ ಹತ್ತು ದಿನ ತಡವಾಗಿ ಹೂಬಿಡುವ ಪೈರು ಬೇಕಾಗುತ್ತದೆ. ಅದಕ್ಕೆ ಹಲ್ಲುಗಾಲಿಗಳ ಪರಿಚಯ ಬೇಕು. ಹೊಸ ಅವರೆಯಲ್ಲಿ ಹಳೆಯದರ ಸೊಗಡಿಲ್ಲವೆಂದು ತಿನ್ನುವವರು ದೂರುವುದುಂಟು. ಸೊಗಡು ಹೋದುದು ಕಾಲದೊಡನೆಯೋ, ತಳಿಯೊಡನೆಯೋ, ಅಥವಾ ಮಾಗಿಯ ಚಳಿಯಿಲ್ಲದೆಯೋ? ಹೂಬಿಡುವುದನ್ನು ಆಳುವ ಜೀನುಗಳನ್ನು ಒಂದೊಂದಾಗಿ ಬಲ್ಲವರು ಮಾತ್ರ ಈ ಪ್ರಶ್ನೆಯನ್ನು ಬಿಡಿಸಿಯಾರು.

ನಮ್ಮ ದೇಶದ ಸಂಶೋಧನ ವಿದ್ಯಾರ್ಥಿಗಳ ವಿಷಯದಲ್ಲಿ ನಮಗಿರುವ ಅಸಮಾಧಾನವನ್ನು ಇಲ್ಲಿ ಹೇಳಿಬಿಡುವುದು ವಾಸಿ. ವಿಷಯವನ್ನು ಆರಿಸುವಾಗಲೇ ‘ಆರ್ಥಿಕ ಮಹತ್ತ್ವವುಳ್ಳ ಬೆಳೆ’ ಎಂಬ ಮಾತು ಅರ್ಜಿಯ ಮೊದಲನೆಯ ಸಾಲಿನಲ್ಲಿರಬೇಕೆಂದು ತರುಣರಿಗೆ ಹೇಳಿಕೊಡುತ್ತಾರೆ. ಆಮೇಲೆ ಬೇರೆ ದೇಶದವರು ಒಂದು ಬೆಳೆಯಲ್ಲಿ ಮಾಡಿದುದನ್ನು ಇನ್ನೊಂದು ಬೆಳೆಯಲ್ಲಿ ಮಾಡಿ ಪದವಿಯನ್ನು ಪಡೆಯುತ್ತಾರೆ. ಬೆಳೆ ದೊಡ್ಡದು, ಪ್ರಶ್ನೆ ಸಣ್ಣದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2016ರ ನಿಯಮಗಳಲ್ಲಿ, ಪ್ರಬಂಧವನ್ನು ಒಪ್ಪಿಸುವ ಮೊದಲು ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂದು ವಿಧಿಸಿತ್ತು. 2022ರ ನಿಯಮಗಳಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿತು. ಇದರಿಂದ ಸೋಮಾರಿತನ ಬೆಳೆಯುವುದೆಂದು ವಾದಿಸುವವರಿದ್ದಾರೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಕಡ್ಡಾಯದ ಲೇಖನಗಳಿಂದ ಬೆಳೆದುದು ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು. ಎಲೆಗಳ ಎಣಿಕೆಗೆ ಅವಸರ ಒಗ್ಗುವುದಿಲ್ಲ. ಕಿರಿಯ ಸಂಶೋಧಕರ ವೇತನವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಿದುದು ಸಂತೋಷದ ಸಂಗತಿ. ಅದು ತಿಂಗಳಿಗೆ ತಿಂಗಳು ತಪ್ಪದೆ ಕೈಸೇರಿದರೆ ಸಂತೋಷ ಇನ್ನೂ ಹೆಚ್ಚುತ್ತದೆ.

ಕಳೆಯನ್ನು ಹಿಡಿದವರೆಲ್ಲರಿಗೂ ಹನ್ನೊಂದರ ಪಟ್ಟಿ ದೊರೆಯುವುದೆಂದು ನಾವು ಹೇಳುತ್ತಿಲ್ಲ. ನೂರು ಪ್ರಬಂಧಗಳಲ್ಲಿ ತೊಂಬತ್ತು ಬೀರುವಿನಲ್ಲಿ ಧೂಳು ಹಿಡಿಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ಲೈಬಾಕರ 1907ರ ಪ್ರಬಂಧವೂ ಮೂವತ್ತು ವರ್ಷ ಹಾಗೆಯೇ ಬಿದ್ದಿತ್ತು. ಯಾವುದು ಏಳುವುದು, ಯಾವುದು ಬಿದ್ದೇ ಇರುವುದು ಎಂದು ಮುಂದಾಗಿ ಹೇಳಬಲ್ಲವರು ಹಣ ಹಂಚುವ ಸಮಿತಿಗಳಲ್ಲಿ ಇದ್ದಾರೆಂದು ನಮಗೆ ನಂಬಿಕೆಯಿಲ್ಲ.

ಪ್ರೌಢಶಾಲೆಯ, ಕಾಲೇಜಿನ ಮಿತ್ರರು ಪದವಿಗಾಗಿ ಕಾಯಬೇಕಾಗಿಲ್ಲ. ಹಳ್ಳಿಯ ಮನೆಯಿಂದ ನಾಡ ಅವರೆಯ ಬೀಜವನ್ನೂ, ಬೀಜದ ಅಂಗಡಿಯಿಂದ ಹೆಬ್ಬಾಳ ಅವರೆ–3 ಅಥವಾ 4ನ್ನೂ ತಂದು, ಜೂನ್ ತಿಂಗಳ ಮೊದಲ ವಾರದಲ್ಲಿ ಒಂದೇ ಮಣ್ಣು ತುಂಬಿದ ಕುಂಡಗಳಲ್ಲಿ ಬಿತ್ತಬೇಕು. ನಾಡ ಅವರೆಯ ಇನ್ನೊಂದು ಕುಂಡವನ್ನು ರಾತ್ರಿಯೆಲ್ಲ ಉರಿಯುವ ದೀಪದ ಕೆಳಗೆ ಇಟ್ಟರೆ ಮತ್ತೂ ಒಳ್ಳೆಯದು. ಒಂದೊಂದರಲ್ಲಿಯೂ ಮೊದಲ ಹೂವು ಅರಳಿದ ತಾರೀಖನ್ನು ಬರೆದಿಡಬೇಕು. ಸತ್ತ ಗಿಡವನ್ನೂ ಲೆಕ್ಕದಿಂದ ಬಿಡಕೂಡದು. ನಾಡ ಅವರೆಗೆ ಮಾತ್ರ ಉದ್ದನೆಯ ಊರುಗೋಲನ್ನು ಮೊದಲೇ ನೆಟ್ಟಿರಬೇಕು. ಮಳೆಗಾಲ ಮುಗಿಯುವವರೆಗೂ ಅದು ಹಬ್ಬುತ್ತಲೇ ಇರುತ್ತದೆ.